ನಮ್ಮ ಜೀವದಯೆಯಲ್ಲಿ ನಾಯಿಗೆ ಎಡೆಯಿಲ್ಲವೇ?

ಜೀವಂಧರನ ಕಥೆಯನ್ನು ಕೇಳಿರದ ಶ್ರಾವಕರು ಕನ್ನಡ ನಾಡಿನಲ್ಲಿ ವಿರಳ. ವಾದೀಭಸಿಂಹ ಸೂರಿಯ ‘ಕ್ಷತ್ರಚೂಡಾಮಣಿ’ಯಿಂದ ಹಿಡಿದು 1424ರಲ್ಲಿ ಭಾಸ್ಕರ ಕವಿ ಷಟ್ಪದಿಯಲ್ಲಿ ಬರೆದ ‘ಜೀವಂಧರ ಚರಿತೆ’ಯವರೆಗೆ ಆ ಕಥೆ ನಮ್ಮ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಹರಿದು ಬಂದಿದೆ. ಹವಿಸ್ಸನ್ನು ಮುಟ್ಟಿತೆಂಬ ಅಪರಾಧಕ್ಕಾಗಿ ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯೊಂದರ ಕಿವಿಯಲ್ಲಿ ಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರುತ್ತಾನೆ. ಅದು ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಆಪತ್ಕಾಲದಲ್ಲಿ ಅವನಿಗೆ ಒದಗುತ್ತದೆ. ಪ್ರವಚನಗಳಲ್ಲಿ ಈ ಪ್ರಸಂಗ ಮಂತ್ರಮಹಿಮೆಗೆ ದೃಷ್ಟಾಂತವಾಗಿ ಬರುವುದೇ ಹೆಚ್ಚು. ಆದರೆ ಕಥೆಯಲ್ಲಿ ಅದಕ್ಕೂ ಮೊದಲು ಒಂದು ಸಂಗತಿಯಿದೆ. ಜೀವಂಧರನು ಮೊದಲು ಆ ಪ್ರಾಣಿಯನ್ನು ಬದುಕಿಸಲು ಯತ್ನಿಸಿದನು. ಆ ಯತ್ನ ಕೈಗೂಡದೆ ಹೋದಾಗ ಮಾತ್ರ ಅದರ ಪರಲೋಕದ ಚಿಂತೆಗೆ ತೊಡಗಿದನು. ನಾವು ಎರಡನೆಯದನ್ನು ಭಕ್ತಿಯಿಂದ ಉಳಿಸಿಕೊಂಡು ಮೊದಲನೆಯದನ್ನು ಸದ್ದಿಲ್ಲದೆ ಕೈಬಿಟ್ಟಿದ್ದೇವೆ.

ಈ ಮಾತು ಕಟುವೆನಿಸಬಹುದು. ಗೋಶಾಲೆಗಳಿಗೆ ಮೇವು, ಪಕ್ಷಿಗಳಿಗೆ ಕಾಳು, ಇರುವೆಗಳ ಹುತ್ತಕ್ಕೆ ಸಕ್ಕರೆ, ಕಸಾಯಿಖಾನೆಗೆ ಸಾಗುವ ಆಡು ಕುರಿಗಳ ಬಿಡುಗಡೆ ಇವೆಲ್ಲವನ್ನೂ ನಮ್ಮ ಸಮಾಜ ಮಾಡುತ್ತಿದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬಸದಿಯ ಆಡಳಿತ ಸಮಿತಿಯ ಸಭೆಯಲ್ಲಿ, ಜೀವದಯಾ ನಿಧಿಯ ಒಂದಂಶವನ್ನು ಮನೆಗಳಿಂದ ಹೊರದೂಡಲ್ಪಟ್ಟ ನಾಯಿಗಳ ಚಿಕಿತ್ಸೆಗೂ ಆಶ್ರಯಕ್ಕೂ ಮೀಸಲಿಡಬಹುದೇ ಎಂದು ಈ ಲೇಖಕನು ಕೇಳಿದಾಗ ದೊರೆತ ಉತ್ತರ ಹೀಗಿತ್ತು: “ಸ್ವಾಮಿ, ಹಸುವಿಗೆ ಕೊಟ್ಟರೆ ಪುಣ್ಯ ಬರುತ್ತದೆ, ನಾಯಿಗೆ ಕೊಟ್ಟರೆ ಬೊಗಳು ಬರುತ್ತದೆ.” ಸಭೆ ನಕ್ಕಿತು. ಮುಂದಿನ ವಿಷಯವನ್ನು ಕೈಗೆತ್ತಿಕೊಳ್ಳಲಾಯಿತು. ನಗೆಚಾಟಿಕೆಯ ಮಾತಾದರೂ ಅದರೊಳಗೆ ಒಂದು ಸಿದ್ಧಾಂತವೇ ಅಡಗಿದೆ. ಜೀವದಯೆಯೆಂಬುದು ಹಾಲು ಕೊಡುವ, ಹುಲ್ಲು ತಿನ್ನುವ, ಸೌಮ್ಯವಾದ ಜೀವಿಗಳಿಗೆ ಸಲ್ಲತಕ್ಕದ್ದು. ಮಾಂಸ ತಿನ್ನುವ, ಕಚ್ಚುವ, ಎಂಜಲಿಗೆ ಬಾಯಿ ಹಾಕುವ ನಾಯಿ ಅದರ ಗಡಿಯಾಚೆಗಿನದು. ಈ ಸಿದ್ಧಾಂತಕ್ಕೆ ಜಿನಾಗಮದಲ್ಲಿ ಆಧಾರವಿದೆಯೇ? ಇಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮದೇ ಇತಿಹಾಸವನ್ನು ನೋಡೋಣ. 1832ರಲ್ಲಿ ಮುಂಬಯಿಯ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರಸಿಗಳು ಮುಂದಾಗಿ ಪ್ರತಿಭಟಿಸಿದರು, ಅಂಗಡಿಗಳನ್ನು ಮುಚ್ಚಿದರು. ಜೈನರೂ ಹಿಂದೂಗಳೂ ಅವರೊಡನೆ ಸೇರಿದರು. ಅದರ ಬೆನ್ನಿಗೆ, 1834ರಲ್ಲಿ, ಪಾರಸಿ ಶ್ರೀಮಂತ ಜಮ್ಷೆಟ್ಜೀ ಜೀಜೀಭಾಯಿ ಅವರೂ ಜೈನ ಶ್ರೇಷ್ಠಿ ಮೋತಿಚಂದ್ ಅಮೀಚಂದ್ ಅವರೂ ಕೂಡಿ ಮುಂಬಯಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಗುಂಡಿಗೆ ಬಲಿಯಾಗುತ್ತಿದ್ದ ನಾಯಿ ಹಂದಿಗಳಿಗೆ ಆಸರೆ ನೀಡುವುದೇ ಅದರ ಮೂಲೋದ್ದೇಶವಾಗಿತ್ತು. ಇಂದು ಪಾಂಜರಾಪೋಳವೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಹಸುಗಳ ಸಾಲು. ಹಸುಗಳು ಅಲ್ಲಿರಬಾರದೆಂದು ಯಾರೂ ಹೇಳುತ್ತಿಲ್ಲ. ಆದರೆ ಯಾರಿಗಾಗಿ ಬಾಗಿಲು ತೆರೆಯಲಾಯಿತೋ ಅವನೇ ಹೊರಗುಳಿದನೆಂದರೆ ಅದು ವಿಚಾರಮಾಡತಕ್ಕ ಸಂಗತಿ. ದೆಹಲಿಯ ಲಾಲ್ ಮಂದಿರದ ಪ್ರಸಿದ್ಧ ಪಕ್ಷಿ ಆಸ್ಪತ್ರೆಯಲ್ಲಿಯೂ ಇದೇ ಭೇದವನ್ನು ಕಾಣುತ್ತೇವೆ. ಅಲ್ಲಿ ಪಾರಿವಾಳ ಗಿಳಿಗಳಿಗೆ ಒಳಗೆ ಹಾಸಿಗೆಯುಂಟು. ಹದ್ದು ಗಿಡುಗಗಳಿಗೆ ಹೊರರೋಗಿಯಾಗಿ ಚಿಕಿತ್ಸೆ ಮಾತ್ರ. ಶಾಕಾಹಾರಿ ಹಕ್ಕಿಗಳ ನಡುವೆ ಬೇಟೆಗಾರ ಹಕ್ಕಿಯನ್ನು ಇರಿಸಲಾಗದು ಎಂಬ ತೊಡಕು ನಿಜವೇ. ಆದರೆ ಬೇರೊಂದು ಕೋಣೆ ಕಟ್ಟಿದರೆ ತೀರುವ ತೊಡಕು ಅದು, ಸಿದ್ಧಾಂತದ ತೊಡಕಲ್ಲ.

ಮಾಂಸಾಹಾರಿ ಜೀವಿಯು ಪಾಪಿ, ಆದುದರಿಂದ ಅದು ದಯೆಗೆ ಅಪಾತ್ರ ಎನ್ನುವವರು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವನ್ನು ಮತ್ತೊಮ್ಮೆ ತೆರೆದು ನೋಡಬೇಕು. ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಪಾಪದಿಂದ ದೇವನೂ ನಾಯಿಯಾಗುತ್ತಾನೆ ಎಂಬರ್ಥದ ಮಾತು ಅಲ್ಲಿದೆ. ಆಚಾರ್ಯರು ಉದಾಹರಣೆಗೆ ಆರಿಸಿಕೊಂಡದ್ದು ಆನೆಯನ್ನಲ್ಲ, ಹಸುವನ್ನಲ್ಲ, ನಾಯಿಯನ್ನು. ಜನ್ನನು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಂತೂ ಈ ತತ್ತ್ವ ಎದೆ ನಡುಗಿಸುವ ರೂಪ ತಾಳಿದೆ. ಹಿಟ್ಟಿನ ಕೋಳಿಯ ಬಲಿಯ ಸಂಕಲ್ಪಹಿಂಸೆಯಿಂದ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ನಾಯಿ ನವಿಲನ್ನು ಕೊಲ್ಲುತ್ತದೆ; ಅರಸ ಯಶೋಮತಿ ಆ ನಾಯಿಯನ್ನು ಕೊಲ್ಲುತ್ತಾನೆ. ಅವನು ಕೊಂದದ್ದು ತನ್ನ ಅಜ್ಜಿಯನ್ನು. ಅರಮನೆಯ ಅಂಗಳದಲ್ಲಿ ಬಿದ್ದ ಆ ನಾಯಿಗೂ ನಮ್ಮ ಗೇಟಿನೆದುರು ನಾವು ಕಲ್ಲೆಸೆದು ಓಡಿಸುವ ನಾಯಿಗೂ ಜೀವದ್ರವ್ಯದಲ್ಲಿ ಭೇದವೆಣಿಸುವ ಅಧಿಕಾರ ನಮಗೆ ಯಾರು ಕೊಟ್ಟರು?

ಇನ್ನು ವಿದ್ವಾಂಸರ ಆಕ್ಷೇಪ. ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಶಾಸ್ತ್ರವೇ ನಿಷೇಧಿಸಿದೆಯಲ್ಲ ಎಂದು ಅವರು ಕೇಳುತ್ತಾರೆ. ಇದು ಗೌರವಕ್ಕೆ ಅರ್ಹವಾದ ಪ್ರಶ್ನೆ. ‘ಕಾರ್ತಿಕೇಯಾನುಪ್ರೇಕ್ಷೆ’ಯು ಬೆಕ್ಕು ಮೊದಲಾದ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಆಯುಧ ವಿಕ್ರಯದೊಂದಿಗೆ ಅನರ್ಥದಂಡದಲ್ಲಿ ಎಣಿಸಿದೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಹದಿನೈದು ಕರ್ಮಾದಾನಗಳನ್ನು ವಿವರಿಸುವಾಗ ಅಸತೀಪೋಷಣವನ್ನು ಹೇಳಿ, ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು ಮುಂತಾದುವನ್ನು ಧನಕ್ಕಾಗಿ ಪೋಷಿಸುವುದು ಶ್ರಾವಕನಿಗೆ ಸಲ್ಲದೆಂದಿದ್ದಾರೆ. ‘ಧನಕ್ಕಾಗಿ’ ಎಂಬ ಪದವನ್ನು ಓದುಗರು ಗಮನಿಸಬೇಕು. ಆಯುಧದೊಡನೆ ಹೇಳಿದ ಪ್ರಾಣಿ ಆಯುಧದಂತೆ ಬಳಕೆಯಾಗುವ ಪ್ರಾಣಿ. ಕರ್ಮಾದಾನದಲ್ಲಿ ಹೇಳಿದ ಪ್ರಾಣಿ ಸರಕಾಗಿ ಬೆಳೆಸುವ ಪ್ರಾಣಿ. ಬೇಟೆಗೆಂದು ಛೂಬಿಡಲು ಸಾಕುವುದು, ಮರಿ ಹಾಕಿಸಿ ಮಾರಲು ಸಾಕುವುದು, ಇವು ನಿಷಿದ್ಧ. ಕಾಲು ಮುರಿದು ಚರಂಡಿಯ ಪಕ್ಕದಲ್ಲಿ ಬಿದ್ದಿರುವ ಪ್ರಾಣಿಯನ್ನು ಎತ್ತಿ ತಂದು ಅನ್ನವಿಕ್ಕುವುದನ್ನು ಯಾವ ಆಚಾರ್ಯರೂ ನಿಷೇಧಿಸಿಲ್ಲ. ಅದಕ್ಕೆ ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ಹೆಸರೇ ಉಂಟು: ದಯಾದತ್ತಿ. ಅನುಕಂಪಕ್ಕೆ ಯೋಗ್ಯವಾದ ಪ್ರಾಣಿಗಳಿಗೆ ಅಭಯವನ್ನೀಯುವುದು ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿಗಳೊಡನೆ ಗೃಹಸ್ಥನ ನಾಲ್ಕು ದತ್ತಿಗಳಲ್ಲಿ ಒಂದು.

ಹಾಗಾದರೆ ಆ ನಿಷೇಧ ಇಂದು ಯಾರಿಗೆ ತಗಲುತ್ತದೆ? ಹೇಳುವುದಕ್ಕೆ ಸಂಕೋಚವಾದರೂ ಹೇಳಲೇಬೇಕು. ಅಂಗಡಿಯಿಂದ ‘ಜಾತಿನಾಯಿ’ಯನ್ನು ಸಾವಿರಾರು ರೂಪಾಯಿ ತೆತ್ತು ತರುವ ನಮಗೆ ತಗಲುತ್ತದೆ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳ ಅನುಕೂಲಸ್ಥ ಜೈನ ಮನೆಗಳಲ್ಲಿ ಇಂದು ಲ್ಯಾಬ್ರಡಾರ್, ಪೊಮೆರೇನಿಯನ್, ಪಗ್‌ಗಳನ್ನು ಕಾಣುವುದು ಅಪರೂಪವೇನಲ್ಲ. ಹಿಮದ ನಾಡಿಗೆಂದು ಹುಟ್ಟಿದ ಹಸ್ಕಿಯನ್ನು ತಂದು ನಮ್ಮ ವೈಶಾಖದ ಬಿಸಿಲಿನಲ್ಲಿ ಬೇಯಿಸುವವರೂ ಇದ್ದಾರೆ. 2003ರ ಸುಮಾರಿಗೆ ದೂರವಾಣಿ ಕಂಪನಿಯೊಂದರ ಜಾಹೀರಾತಿನಲ್ಲಿ ಪಗ್ ಕಾಣಿಸಿಕೊಂಡಿತು. ಊರೂರಿನಲ್ಲಿ ಮಕ್ಕಳು ಅದನ್ನೇ ಕೇಳಿದರು. ಮೂಗು ಮೊಟಕಾಗಿ ಉಸಿರಾಡಲು ತಿಣುಕುವಂತೆ ಮನುಷ್ಯನೇ ತಿದ್ದಿ ಬೆಳೆಸಿದ ತಳಿಯದು. ಕುಲಮದ ಜಾತಿಮದಗಳನ್ನು ತೊರೆಯಬೇಕೆಂದು ಎಂಟು ಮದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ ನಾವು ನಾಯಿಯಲ್ಲಿಯೂ ಜಾತಿಯನ್ನು ಹುಡುಕುತ್ತೇವೆಂದರೆ ಮದಕ್ಕೆ ಇದಕ್ಕಿಂತ ವಿಚಿತ್ರವಾದ ಉದಾಹರಣೆ ದೊರೆಯದು.

ಆ ಮರಿಯ ಹಿಂದೆ ಅದರ ತಾಯಿಯಿದೆ. ಅದನ್ನು ಕೊಳ್ಳುವವರು ನೋಡುವುದೇ ಇಲ್ಲ. ಇಕ್ಕಟ್ಟಾದ ಗೂಡಿನಲ್ಲಿ, ಬೆದೆಗೆ ಬಂದಾಗಲೆಲ್ಲ ಬಸಿರು ಮಾಡಿಸಿಕೊಂಡು, ಮೊಲೆಯುಣ್ಣುವ ಮರಿಗಳನ್ನು ಅವಧಿಗೆ ಮೊದಲೇ ಕಳೆದುಕೊಂಡು, ಗರ್ಭ ನಿಲ್ಲದ ವಯಸ್ಸು ಬಂದೊಡನೆ ಹೆದ್ದಾರಿಯ ಬದಿಗೆ ಬೀಳುವ ತಾಯಿ. 2017ರಲ್ಲಿ ಕೇಂದ್ರ ಸರಕಾರವು ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ನಿಯಮಗಳನ್ನು ಮಾಡಿ, ತಳಿಗಾರರ ನೋಂದಣಿಯನ್ನು ಕಡ್ಡಾಯಗೊಳಿಸಿ, ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ವಿಧಿಸಿತು. ಕೊಳ್ಳುವಾಗ ಈ ನೋಂದಣಿಯನ್ನು ಕೇಳಿ ನೋಡಿದ ಸಾಧರ್ಮಿಕರು ಎಷ್ಟು ಮಂದಿ? ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಹಿಂಸೆ ಒಳಬರುತ್ತದೆಂದು ನಂಬುವ ಧರ್ಮ ನಮ್ಮದು. ತಾನು ಕಸಾಯಿಯಲ್ಲ, ಬರಿಯ ಗ್ರಾಹಕ ಎಂಬ ವಾದವನ್ನು ಮಾಂಸದ ವಿಷಯದಲ್ಲಿ ನಾವು ಎಂದೂ ಒಪ್ಪಿದವರಲ್ಲ. ಮರಿಯ ವಿಷಯದಲ್ಲಿ ಮಾತ್ರ ಅದನ್ನು ಹೇಗೆ ಒಪ್ಪುವುದು?

ಕೊಂಡುತಂದ ಮೇಲಿನ ಕಥೆ ಇನ್ನೂ ಶೋಚನೀಯ. ಉಮಾಸ್ವಾಮಿಗಳು ‘ತತ್ತ್ವಾರ್ಥ ಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ಪಾಠಶಾಲೆಯ ಮಕ್ಕಳಿಗೂ ಗೊತ್ತು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಟೀಕಾಕಾರರು ಸ್ಪಷ್ಟಪಡಿಸಿದ್ದಾರೆ. ಈ ಐದನ್ನು ಕೈಯಲ್ಲಿ ಹಿಡಿದು ನಮ್ಮ ಬಡಾವಣೆಯ ಒಂದು ಬೀದಿಯನ್ನು ಸುತ್ತಿ ಬಂದರೆ ಸಾಕು. ಬಾಲ್ಕನಿಯ ಕಂಬಿಗೆ ಎರಡು ಅಡಿಯ ಸರಪಳಿಯಿಂದ ಹಗಲಿರುಳೂ ಬಿಗಿದ ನಾಯಿ ಬಂಧಕ್ಕೆ ಸಾಕ್ಷಿ. ಬೊಗಳಿತೆಂದು ಪೊರಕೆಯಿಂದ ಬಡಿಯುವುದು ವಧ. ಚೆಂದಕ್ಕೆಂದು ಕಿವಿ ಬಾಲಗಳನ್ನು ಕತ್ತರಿಸುವುದು ಛೇದ. ಮನೆಮಂದಿಯೆಲ್ಲ ಯಾತ್ರೆಗೆ ಹೊರಟು, ಬಟ್ಟಲಿನಲ್ಲಿ ಒಂದಿಷ್ಟು ನೀರಿಟ್ಟು ಬೀಗ ಹಾಕಿಹೋಗುವುದು ಅನ್ನಪಾನನಿರೋಧ; ಹೋದದ್ದು ಸಮ್ಮೇದ ಶಿಖರಕ್ಕೇ ಆದರೂ ಅತಿಚಾರ ಅತಿಚಾರವೇ. ಭಾರ ಹೊರಿಸುವುದೊಂದು ಮಾತ್ರ ನಾಯಿಗೆ ಹೆಚ್ಚಾಗಿ ತಗಲದು. ವಿಶೇಷವೆಂದರೆ 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಹನ್ನೊಂದನೆಯ ಕಲಮು ಹೆಚ್ಚುಕಡಿಮೆ ಇದೇ ಪಟ್ಟಿಯನ್ನು ಕೊಡುತ್ತದೆ: ಹೊಡೆಯುವುದು, ಅತಿಯಾಗಿ ಹೇರುವುದು, ಗಿಡ್ಡ ಸರಪಳಿಯಲ್ಲಿ ಬಹುಕಾಲ ಕಟ್ಟಿಡುವುದು, ಆಹಾರ ನೀರು ನೆರಳು ಕೊಡದಿರುವುದು, ಅಂಗಹೀನಗೊಳಿಸುವುದು. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನು ನಾಯಿಯ ಹೆಸರು ಹೇಳಿಯೇ ಅಪರಾಧವೆಂದಿದೆ. ಇದರ ಜೊತೆಗೆ ಕಾಯಿದೆ ಇನ್ನೊಂದನ್ನು ಸೇರಿಸಿದೆ: ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆದುಬಿಡುವುದು. ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! ಒಂದು ತೆಂಗಿನಕಾಯಿಯ ಬೆಲೆಯೂ ಆಗದ ಈ ದಂಡಕ್ಕೆ ಹೆದರಿ ಯಾರೂ ತಮ್ಮ ನಡತೆಯನ್ನು ತಿದ್ದಿಕೊಳ್ಳಲಾರರು. ಕಾಯಿದೆ ಕೈಸೋತಲ್ಲಿ ವ್ರತ ಕೆಲಸ ಮಾಡಬೇಕಾಗಿತ್ತು.

2020ರ ಮಾರ್ಚಿಯಲ್ಲಿ, ಕೊರೋನಾ ರೋಗವು ನಾಯಿಗಳಿಂದ ಹರಡುತ್ತದೆಂಬ ಗಾಳಿಮಾತಿಗೆ ಕಿವಿಗೊಟ್ಟು ಸಾಕುನಾಯಿಗಳನ್ನು ಬೀದಿಗೆ ನೂಕಿದ ಸುದ್ದಿಗಳು ಊರೂರಿಂದ ಬಂದವು. ಅದು ಸುಳ್ಳೆಂದು ಪ್ರಾಣಿ ಕಲ್ಯಾಣ ಮಂಡಳಿಯು ಪ್ರಕಟಣೆ ಹೊರಡಿಸಬೇಕಾಯಿತು. ದಿಗ್ಬಂಧನದ ಬೇಸರ ಕಳೆಯಲೆಂದು ಮರಿಗಳನ್ನು ತಂದವರೂ ಇದ್ದರು. ಕಚೇರಿಗಳು ತೆರೆದ ಮೇಲೆ ಅವುಗಳಲ್ಲಿ ಹಲವು ಬೀದಿ ಸೇರಿದವು. ಮನೆ ಬದಲಾಯಿತು, ಮಗು ಹುಟ್ಟಿತು, ಮಗ ಅಮೆರಿಕಕ್ಕೆ ಹೋದ, ನಾಯಿಗೆ ಚರ್ಮರೋಗ ಬಂತು—ಕಾರಣಗಳಿಗೆ ಬರವಿಲ್ಲ. ಮನೆಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಬೀದಿಯ ವಿದ್ಯೆ ತಿಳಿಯದು. ಅದು ವಾಹನಗಳಿಗೆ ಹೆದರದು, ಬೀದಿನಾಯಿಗಳ ಗಡಿಯನ್ನರಿಯದು, ಕಸದ ತೊಟ್ಟಿಯಲ್ಲಿ ಆಹಾರ ಹುಡುಕಲು ಬಾರದು. ಇಳಿಸಿಹೋದ ಜಾಗದಲ್ಲಿಯೇ ದಿನಗಟ್ಟಲೆ ಕುಳಿತು ಬರುವ ಕಾರುಗಳನ್ನೆಲ್ಲ ನೋಡುತ್ತಿರುತ್ತದೆ.

ಇದಕ್ಕೆ ಅಪರಿಗ್ರಹದ ಬಣ್ಣ ಬಳಿಯುವವರನ್ನು ಕಂಡರೆ ಮಾತ್ರ ಸಹನೆ ಮೀರುತ್ತದೆ. ಚತುಷ್ಪದಗಳೂ ಬಾಹ್ಯ ಪರಿಗ್ರಹವೇ, ಬಿಟ್ಟರೆ ತಪ್ಪೇನು ಎಂಬ ಮಾತು ಕೇಳಿಬಂದಿದೆ. ಪರಿಗ್ರಹಪರಿಮಾಣ ವ್ರತವು ತರುವ ಮುನ್ನ ಯೋಚಿಸೆಂದು ಹೇಳುತ್ತದೆ, ತಂದದ್ದನ್ನು ಹೆದ್ದಾರಿಯಲ್ಲಿ ಇಳಿಸೆಂದಲ್ಲ. ಮುನಿದೀಕ್ಷೆಗೆ ಹೊರಟ ಗೃಹಸ್ಥನೂ ತನ್ನವರ ಭಾರವನ್ನು ಮಗನಿಗೆ ಒಪ್ಪಿಸಿಯೇ ಹೊರಡುತ್ತಾನೆ. ಅನ್ವಯದತ್ತಿಯ ತಾತ್ಪರ್ಯ ಅದೇ. ತ್ಯಾಗಕ್ಕೂ ಪರಿತ್ಯಾಗಕ್ಕೂ ವ್ಯತ್ಯಾಸ ತಿಳಿಯದವನಿಗೆ ಎರಡನ್ನೂ ಬೋಧಿಸಿ ಪ್ರಯೋಜನವಿಲ್ಲ.

ಈಗ ಕಚ್ಚುವ ನಾಯಿಯ ಪ್ರಶ್ನೆ. ಮಕ್ಕಳು ಕಡಿತಕ್ಕೆ ಗುರಿಯಾಗುತ್ತಿರುವಾಗ ನಾಯಿಯ ಪಕ್ಷ ವಹಿಸುವುದು ಯಾವ ಅಹಿಂಸೆ ಎಂದು ಕೇಳುವವರ ನೋವು ಸುಳ್ಳಲ್ಲ. ಮನುಷ್ಯರಿಗೆ ತಗಲುವ ರೇಬೀಸಿಗೆ ಬಹುಮಟ್ಟಿಗೆ ನಾಯಿಯ ಕಡಿತವೇ ಕಾರಣ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂಬಷ್ಟು ಕಡಿಮೆ. 2023ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಗಣತಿಯಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳು ಎಣಿಕೆಗೆ ಬಂದವು. 2019ರಲ್ಲಿ ಅದು 3.10 ಲಕ್ಷದಷ್ಟಿತ್ತು. ಸಂತಾನಹರಣ ಮತ್ತು ಲಸಿಕೆಗಳು ಬಿಡದೆ ನಡೆದರೆ ಸಂಖ್ಯೆ ಇಳಿಯುತ್ತದೆಂಬುದಕ್ಕೆ ಇದೊಂದು ಸೂಚನೆ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೇಬೀಸಿನ ಸರಪಳಿ ತುಂಡಾಗುತ್ತದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಒಯ್ಯಬೇಕೆಂದಿತು. ಅದೇ 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿದ್ದಿ, ರೇಬೀಸ್ ತಗಲಿದ ಅಥವಾ ಆಕ್ರಮಣಶೀಲವಾದ ನಾಯಿಗಳನ್ನುಳಿದು ಮಿಕ್ಕವನ್ನು ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದು ಆದೇಶಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ಸು ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆರವುಗೊಳಿಸಿ ಆಶ್ರಯಗಳಲ್ಲಿ ಇರಿಸುವಂತೆ ಸೂಚಿಸಿತು. ಆಗಸ್ಟಿನ ಆದೇಶದಲ್ಲಿ, ನಾಯಿಗಳನ್ನು ದತ್ತು ಪಡೆಯಬಯಸುವವರು ಪಾಲಿಕೆಗೆ ಅರ್ಜಿ ಸಲ್ಲಿಸಬಹುದು, ಆದರೆ ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬರಬಾರದು ಎಂಬ ಮಾತೂ ಇತ್ತು. ವಾದವಿವಾದಗಳ ಗದ್ದಲದಲ್ಲಿ ಇದನ್ನು ಕೇಳಿಸಿಕೊಂಡವರು ಕಡಿಮೆ. ಬೀದಿಯಲ್ಲಿ ಅನ್ನ ಸುರಿದು, ಪುಣ್ಯ ಕಟ್ಟಿಕೊಂಡೆವೆಂದು ಕೈ ತೊಳೆದುಕೊಂಡು, ಲಸಿಕೆಯ ಚಿಂತೆಯನ್ನು ಪಾಲಿಕೆಗೆ ಬಿಡುವ ದಯೆಯನ್ನೂ ಈ ಲೇಖಕನು ಒಪ್ಪಲಾರ. ಅದು ಅರ್ಧ ದಯೆ. ಉಳಿದರ್ಧವನ್ನು ನೆರೆಮನೆಯ ಮಗು ತೆರಬೇಕಾಗುತ್ತದೆ.

ಸಂತಾನಹರಣವು ಛೇದವಲ್ಲವೇ ಎಂದು ಕೆಲವು ವ್ರತಿಗಳು ಕೇಳಿದ್ದಾರೆ. ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಯತ್ನಾಚಾರದಿಂದ ನಡೆಯಬೇಕು ಎಂಬುದು ಕ್ರಮ. ಅರಿವಳಿಕೆ ಕೊಟ್ಟು, ವೈದ್ಯರ ಕೈಯಿಂದ, ಮುಂದಿನ ಹತ್ತಾರು ಮರಿಗಳ ಹಸಿವು ಸಾವುಗಳನ್ನು ತಪ್ಪಿಸುವ ಭಾವದಿಂದ ಮಾಡುವ ಶಸ್ತ್ರಕ್ರಿಯೆಯಲ್ಲಿ ದ್ವೇಷವಾಗಲಿ ಪ್ರಮಾದವಾಗಲಿ ಇಲ್ಲ. ಪ್ರಮತ್ತಯೋಗವಿಲ್ಲದೆ ಹಿಂಸೆಯ ಲಕ್ಷಣ ಪೂರ್ಣವಾಗದು. ಆದರೂ ಮನಸ್ಸೊಪ್ಪದ ವ್ರತಿಗಳಿದ್ದರೆ ಅವರ ಸೂಕ್ಷ್ಮತೆಗೆ ನಮಸ್ಕಾರ. ಅವರು ಗಂಡು ಹೆಣ್ಣುಗಳನ್ನು ಜೊತೆಗಿಡದೆ ಒಂದೇ ನಾಯಿಯನ್ನು ಆವರಣದೊಳಗೆ ಸಾಕಬಹುದು.

ಆಹಾರದ ಆಕ್ಷೇಪಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಜೈನ ಮನೆಯಲ್ಲಿ ನಾಯಿ ಏನನ್ನು ತಿನ್ನಬೇಕು? ನಮ್ಮ ಹಳ್ಳಿಗಳ ನಾಯಿಗಳು ತಲೆಮಾರುಗಳಿಂದ ಮುದ್ದೆ, ರೊಟ್ಟಿ, ಮೊಸರನ್ನಗಳ ಮೇಲೆಯೇ ಬಾಳಿವೆ. ತೋಳದಿಂದ ಬೇರ್ಪಟ್ಟು ಮನುಷ್ಯನ ಜೊತೆಗೂಡಿದ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಶಕ್ತಿ ಹೆಚ್ಚಿತೆಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ತೋರಿಸಿತು. ಬೆಕ್ಕಿನ ದೇಹಧರ್ಮ ಬೇರೆ. ಅದಕ್ಕೆ ಮಾಂಸಾಹಾರ ಅನಿವಾರ್ಯ. ನಾಯಿಗೆ ಹಾಗಲ್ಲ. ಪಶುವೈದ್ಯರನ್ನು ಕೇಳಿ ಬೇಳೆ, ಅನ್ನ, ರಾಗಿ, ಪನೀರು, ಮೊಸರುಗಳನ್ನು ಹದವರಿತು ಹೊಂದಿಸಿದರೆ ಅದು ಆರೋಗ್ಯವಾಗಿರಬಲ್ಲದು. ಇನ್ನೊಂದು ಮಾತು: ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕಣಗಳಿಗೆ ವಿಷ. ಕಂದಮೂಲ ಬಿಟ್ಟವರ ಅಡುಗೆಮನೆಗಿಂತ ನಾಯಿಗೆ ಸುರಕ್ಷಿತವಾದ ಅಡುಗೆಮನೆ ಬೇರೆಲ್ಲಿ ದೊರೆತೀತು?

ಹೊರಗಿನಿಂದ ಬಂದವರು ಮಾಡಿ ತೋರಿಸಿದ್ದಾರೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1980ರಲ್ಲಿ ಜಯಪುರದಲ್ಲಿ ಪ್ರಾಣಿಗಳ ಆಶ್ರಯವನ್ನು ಆರಂಭಿಸಿ, ಆಮೇಲೆ ತಮ್ಮ ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ‘ಕ್ಯುಪಾ’ ಸಂಸ್ಥೆಯನ್ನು ಹುಟ್ಟುಹಾಕಿದರು. ಅಹಿಂಸೆಯನ್ನು ಪರಮಧರ್ಮವೆಂದು ಶಿಲಾಶಾಸನಗಳಲ್ಲಿ ಕೊರೆಸಿದ ನಾಡಿನಲ್ಲಿ ಆ ಕೆಲಸಕ್ಕೆ ಇಂಗ್ಲೆಂಡಿನಿಂದ ಮುದುಕಿಯೊಬ್ಬರು ಬರಬೇಕಾಯಿತು.

ಬಸದಿಗಳ ಸಮಿತಿಗಳಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ದಶಲಕ್ಷಣ ಪರ್ವದಲ್ಲಿ ಕೂಡಿಬರುವ ಜೀವದಯಾ ನಿಧಿಯಲ್ಲಿ ಹತ್ತನೆಯ ಒಂದಂಶವನ್ನು ತೊರೆಯಲ್ಪಟ್ಟ ಮತ್ತು ಗಾಯಗೊಂಡ ನಾಯಿಗಳ ಲಸಿಕೆ, ಚಿಕಿತ್ಸೆ, ಸಂತಾನಹರಣಗಳಿಗೆ ಎತ್ತಿಡಲಿ. ಅನ್ನ ನೀರುಗಳಿರುವ ಗೋಶಾಲೆಗಳ ಒಂದು ಮೂಲೆಯಲ್ಲಿ ಬೇಲಿ ಹಾಕಿ ನಾಲ್ಕಾರು ನಾಯಿಗಳಿಗೆ ಎಡೆ ಮಾಡಲಿ. ನಾಯಿ ಬೇಕೆನ್ನುವ ಕುಟುಂಬಗಳು ಅಂಗಡಿಗೆ ಹೋಗುವುದರ ಬದಲು ಅಲ್ಲಿಗೆ ಬರಲಿ. ಮನೆಯವರೆಲ್ಲರ ಒಪ್ಪಿಗೆಯಿಲ್ಲದೆ, ಹತ್ತು ಹನ್ನೆರಡು ವರ್ಷಗಳ ಹೊಣೆಯನ್ನು ಹೊರುವ ಬಲವಿಲ್ಲದೆ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ಧೈರ್ಯವೂ ಸಮಿತಿಗೆ ಇರಲಿ.

ತರುವವರಿಗೆ ಒಂದೆರಡು ಸೂಚನೆಗಳು. ಮೊದಲು ಪಶುವೈದ್ಯರಲ್ಲಿಗೆ ಒಯ್ದು ಗಾಯ, ಹುಳ, ಉಣ್ಣೆಗಳನ್ನು ಪರೀಕ್ಷಿಸಿ, ರೇಬೀಸ್ ಲಸಿಕೆ ಹಾಕಿಸಬೇಕು. ಮಿಕ್ಕ ಲಸಿಕೆಗಳ ಕ್ರಮವನ್ನು ಅವರೇ ತಿಳಿಸುತ್ತಾರೆ. ಪೆಟ್ಟು ತಿಂದು ಬೆಳೆದ ನಾಯಿ ಎತ್ತಿದ ಕೈಯನ್ನು, ಪೊರಕೆಯನ್ನು, ಕೊಡೆಯನ್ನು ಕಂಡರೆ ಮುದುಡಿಕೊಳ್ಳುತ್ತದೆ. ಮೂಲೆ ಸೇರಿದ್ದನ್ನು ಎಳೆದರೆ ಹೆದರಿಕೆಯಿಂದಲೇ ಕಚ್ಚೀತು. ಮಕ್ಕಳಿಗೆ ಇದನ್ನು ಮುಂಚಿತವಾಗಿ ಹೇಳಿಡಬೇಕು. ಕೆಲವು ನಾಯಿಗಳು ವಾರದಲ್ಲಿ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಮೊದಲ ದಿನಗಳಲ್ಲಿ ಅದು ಮಂಚದ ಕೆಳಗಿದ್ದರೆ ಅಲ್ಲಿಯೇ ಇರಲಿ. ಬಟ್ಟಲನ್ನು ಅದರ ಹತ್ತಿರವಿಟ್ಟು, ದಿಟ್ಟಿಸಿ ನೋಡದೆ, ಮುಖವನ್ನು ಬೇರೆಡೆಗೆ ತಿರುಗಿಸಿಕೊಂಡು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಕುಳಿತುಕೊಳ್ಳಬೇಕು.